ಉರಿಯುವ ಎಣ್ಣೆಗೆ ನೀರು ಹಾಕಬಾರದು, ಏಕೆ?

ಮಕ್ಕಳೇ, ಜೋಗ ಜಲಪಾತ ನೋಡಲು ಹೊರಟ ಪ್ರವಾಸಿಗರಲ್ಲಿ ಅನೇಕರು ಶಿವಮೊಗ್ಗದಲ್ಲಿ ಇಳಿದು ತಿಂಡಿ ತಿನ್ನುತ್ತಾರೆ. ಅವರ ತಟ್ಟೆಗೆ ಬಿಸಿ ಬಿಸಿ ವಡೆ ಬರಬೇಕಾದರೆ ಹೋಟೆಲಿನ ಅಡುಗೆಮನೆಯಲ್ಲಿ ಒಬ್ಬರು ಬಾಣಲೆಯ ಮುಂದೆ ಗಂಟೆಗಟ್ಟಲೆ ನಿಲ್ಲಬೇಕು. ಆ ಎಣ್ಣೆ ಎಷ್ಟು ಬಿಸಿ ಇರುತ್ತದೆ ಗೊತ್ತೇ? ಸುಮಾರು 180 ಡಿಗ್ರಿ ಸೆಲ್ಸಿಯಸ್! ಅದು ಇನ್ನೂ ಕಾದರೆ ಮೊದಲು ಹೊಗೆ ಏಳುತ್ತದೆ. ಆಗಲೂ ಒಲೆ ಆರಿಸದಿದ್ದರೆ ಎಣ್ಣೆಗೇ ಬೆಂಕಿ ಹೊತ್ತಿಕೊಳ್ಳುತ್ತದೆ.

ಆಗ ಏನು ಮಾಡಬೇಕು? ‘ನೀರು ಹಾಕಬೇಕು’ ಎಂದಿರಾ? ಬೇಡವೇ ಬೇಡ! ಅಡುಗೆಮನೆಯ ಸುರಕ್ಷತಾ ತರಬೇತಿಯಲ್ಲಿ ಕಲಿಸುವ ಮುಖ್ಯ ಪಾಠಗಳಲ್ಲಿ ಇದೂ ಒಂದು.

ಕಾರಣ ಸರಳ. ನೀರು ಎಣ್ಣೆಗಿಂತ ಭಾರ. ಹಾಗಾಗಿ ಅದು ಎಣ್ಣೆಯ ಕೆಳಗೆ ಇಳಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಅದಕ್ಕಿಂತ ಬಹಳ ಬಿಸಿಯಾದ ಎಣ್ಣೆಯಲ್ಲಿ ಅದು ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. ಒಂದು ಲೋಟ ನೀರು ಆವಿಯಾದರೆ ಅದಕ್ಕೆ 1,600 ಲೋಟಗಳಿಗೂ ಹೆಚ್ಚು ಜಾಗ ಬೇಕು! ಆ ಆವಿ ಉರಿಯುವ ಎಣ್ಣೆಯನ್ನು ಹನಿಹನಿಯಾಗಿ ಮೇಲಕ್ಕೆ ಎಸೆಯುತ್ತದೆ. ಪ್ರತಿ ಹನಿಗೂ ಗಾಳಿ ಸಿಕ್ಕಿ ಉರಿ ಚಾವಣಿ ಮುಟ್ಟುತ್ತದೆ.

ಪಕ್ಕದ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಆರಂಭವಾಯಿತು. ಅದಕ್ಕೆ ಮುಂದೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿಟ್ಟರು. ಕರಗಿದ ಕಬ್ಬಿಣದ ಬಿಸಿ ಸುಮಾರು 1,400 ಡಿಗ್ರಿ. ಕಬ್ಬಿಣ ಕರಗಿಸುವ ಯಾವ ಕಾರ್ಖಾನೆಯಲ್ಲೇ ಆಗಲಿ, ಅದನ್ನು ಸುರಿಯುವ ಅಚ್ಚಿನಲ್ಲಿ ನೀರು ನಿಂತಿರಬಾರದು. ಒಳಗೆ ನೀರಿದ್ದರೆ ಅದು ಆವಿಯಾಗಿ ಸಿಡಿದು, ಕಾದ ಲೋಹ ಕೆಲಸಗಾರರ ಮೇಲೆ ಚಿಮ್ಮಬಹುದು. ಕಾರ್ಖಾನೆಗೂ ಹೋಟೆಲಿಗೂ ವಿಜ್ಞಾನ ಒಂದೇ!

ಬಾಣಲೆಯ ಬಳಿ ಇರುವವರು ನೆನಪಿಡಬೇಕಾದದ್ದು:
• ಒದ್ದೆ ಸೌಟು, ಒದ್ದೆ ಜಾಲರಿಯನ್ನು ಎಣ್ಣೆಗೆ ಅದ್ದಬಾರದು.
• ಒಲೆ ಉರಿಯುತ್ತಿರುವಾಗ ಬಾಣಲೆ ಬಿಟ್ಟು ಹೋಗಬಾರದು.
• ನೆಲದ ಮೇಲೆ ಚೆಲ್ಲಿದ ಎಣ್ಣೆಯನ್ನು ಕೂಡಲೇ ಒರೆಸಬೇಕು.
• ಬೆಂಕಿ ಹೊತ್ತಿದರೆ, ಕೈಗೆ ಎಟುಕುವಂತಿದ್ದರೆ ಒಲೆ ಆರಿಸಿ, ಲೋಹದ ಮುಚ್ಚಳವನ್ನು ಪಕ್ಕದಿಂದ ಸರಿಸಿ ಮುಚ್ಚಬೇಕು. ಎಣ್ಣೆ ತಣಿಯುವವರೆಗೆ ಮುಚ್ಚಳ ತೆಗೆಯಬಾರದು. ಉರಿಯುವ ಬಾಣಲೆಯನ್ನು ಎತ್ತಿ ಒಯ್ಯಬಾರದು.
• ಬೆಂಕಿ ದೊಡ್ಡದಾದರೆ ಎಲ್ಲರೂ ಹೊರಗೆ ಬಂದು 101 ಅಥವಾ 112ಕ್ಕೆ ಕರೆ ಮಾಡಬೇಕು.

ಇದು ದೊಡ್ಡವರ ಕೆಲಸ. ನೀವು ಅಲ್ಲಿದ್ದರೆ ದೂರ ಸರಿದು ದೊಡ್ಡವರನ್ನು ಕೂಗಿ.

ಹಾಗಾದರೆ ನೀರು ಯಾವುದಕ್ಕೆ ಬೇಕು? ಸುಟ್ಟ ಚರ್ಮಕ್ಕೆ! ಸುಟ್ಟ ಜಾಗವನ್ನು ತಕ್ಷಣ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ ಹಚ್ಚಬಾರದು. ಬೊಬ್ಬೆ ಎದ್ದರೆ ಒಡೆಯದೆ ವೈದ್ಯರಿಗೆ ತೋರಿಸಬೇಕು.

ಮಾಡಿ ನೋಡಿ: ಶಿಕ್ಷಕರ ಎದುರಿನಲ್ಲಿ ಉರಿಯುವ ಸಣ್ಣ ಮೇಣದಬತ್ತಿಯ ಮೇಲೆ ಗಾಜಿನ ಲೋಟ ಬೋರಲು ಹಾಕಿ. ಸ್ವಲ್ಪ ಹೊತ್ತಿಗೆ ಬತ್ತಿ ಆರುತ್ತದೆ. ಮುಚ್ಚಳ ಬಾಣಲೆಯ ಬೆಂಕಿಯನ್ನು ಹೇಗೆ ಆರಿಸುತ್ತದೆ? ಯೋಚಿಸಿ ಬರೆಯಿರಿ.

ನಿಮ್ಮ ಅಪ್ಪನೋ, ಚಿಕ್ಕಮ್ಮನೋ ಹೋಟೆಲಿನಲ್ಲಿ ದುಡಿಯುತ್ತಿದ್ದರೆ ಈ ಪಾಠವನ್ನು ಇವತ್ತೇ ಅವರಿಗೆ ಓದಿ ಹೇಳಿ.