ಮಳೆಯ ಮುನ್ಸೂಚನೆಯೂ ಮೋಡಗಳ ಗುರುತೂ

ನಾಳೆ ಮಳೆಯಾಗುವದೆಂಬ ಸುದ್ದಿಯನ್ನು ರೇಡಿಯೋದಲ್ಲಿ ಕೇಳಿ ನಾವು ಕಣದ ಕಾಳನ್ನು ಮುಚ್ಚಿಟ್ಟು ಕಾದಿರುವಾಗ, ನಮ್ಮೂರಲ್ಲಿ ಒಂದು ಹನಿಯೂ ಬೀಳದೆ ನೆರೆಯೂರಲ್ಲಿ ಹಳ್ಳ ತುಂಬಿ ಹರಿಯುವದುಂಟು. ಆಗ ಕೆಲವರು, “ಇವರು ಹೇಳುವದೆಲ್ಲಾ ಸುಳ್ಳು” ಎಂದು ಮರುದಿನದ ಸುದ್ದಿಗೆ ಕಿವಿಗೊಡುವದಿಲ್ಲ. ಇದರಿಂದ ಕಾಳಿಗೂ ಕೆಲವು ಸಾರಿ ಪ್ರಾಣಕ್ಕೂ ಹಾನಿಯುಂಟಾಗುತ್ತದೆ. ಆದಕಾರಣ ಮುನ್ಸೂಚನೆಯು ಹೇಳುವದೇನು, ಮೋಡವು ಹೇಳುವದೇನು ಎಂಬ ಎರಡು ಸಂಗತಿಗಳನ್ನು ಈ ಪಾಠದಲ್ಲಿ ವಿಚಾರಿಸೋಣ.

1. ಮುನ್ಸೂಚನೆಯ ಮಾತುಗಳು. 1875ರಲ್ಲಿ ಸ್ಥಾಪಿತವಾದ ಭಾರತ ಹವಾಮಾನ ಇಲಾಖೆಯು ಪ್ರತಿದಿನ ಜಿಲ್ಲೆ ಜಿಲ್ಲೆಗೂ ಮುನ್ಸೂಚನೆ ಕೊಡುತ್ತದೆ. ಅದರ ಮಾತುಗಳಿಗೆ ಗೊತ್ತಾದ ಅಳತೆಯುಂಟು. “ಒಂದೆರಡು ಕಡೆ ಮಳೆ” ಎಂದರೆ ಮಳೆ ಅಳೆಯುವ 100 ಸ್ಥಳಗಳಲ್ಲಿ 25ಕ್ಕೆ ಮೀರದಷ್ಟು ಸ್ಥಳಗಳಲ್ಲಿ ಎಂದರ್ಥ. “ಕೆಲವು ಕಡೆ” ಎಂದರೆ 50ರ ವರೆಗೆ. “ಹಲವು ಕಡೆ” ಎಂದರೆ 75ರ ವರೆಗೆ. “ಬಹುತೇಕ ಕಡೆ” ಎಂದರೆ ಅದಕ್ಕೂ ಹೆಚ್ಚು. ಹೀಗಿರಲಾಗಿ, “ಒಂದೆರಡು ಕಡೆ” ಎಂದು ಹೇಳಿದ ದಿನ ನಾಲ್ಕು ಊರುಗಳಲ್ಲಿ ಮೂರು ಒಣಗಿ ಉಳಿದರೆ ಹೇಳಿದ ಮಾತು ನೆರವೇರಿತೆಂದೇ ತಿಳಿಯತಕ್ಕದ್ದು. “ಭಾರಿ ಮಳೆ” ಎಂದರೆ 24 ಗಂಟೆಗಳಲ್ಲಿ 64.5 ಮಿಲಿಮೀಟರಿಗೆ ಕಡಿಮೆಯಿಲ್ಲದ ಮಳೆ. ಎಚ್ಚರಿಕೆಯ ಬಣ್ಣಗಳಲ್ಲಿ ಹಳದಿಯು ಗಮನಿಸುತ್ತಿರಿ ಎಂದೂ, ಕಿತ್ತಳೆಯು ಸಿದ್ಧರಾಗಿರಿ ಎಂದೂ, ಕೆಂಪು ಕೂಡಲೇ ಕ್ರಮ ಕೈಕೊಳ್ಳಿರಿ ಎಂದೂ ಸೂಚಿಸುತ್ತವೆ.

2. ಮೋಡಗಳ ಜಾತಿಗಳು. ಮುನ್ಸೂಚನೆಯು ಇಡೀ ಜಿಲ್ಲೆಯ ವಿಷಯವಾಗಿ ಹೇಳುವದರಿಂದ, ನಮ್ಮ ಹೊಲದ ಮೇಲೆ ಆಗುವದನ್ನು ತಿಳಿಯಲು ಆಕಾಶವನ್ನೂ ನೋಡಬೇಕು. 1802ರಲ್ಲಿ ಲಂಡನ್ ಪಟ್ಟಣದ ಲ್ಯೂಕ್ ಹೋವರ್ಡ್ ಎಂಬವನು ಮೋಡಗಳನ್ನು ಅವುಗಳ ಆಕಾರದ ಮೇಲಿಂದ ವಿಂಗಡಿಸಿದನು. ಅವನಿಟ್ಟ ಲತೀನ ಹೆಸರುಗಳು ಇಂದಿಗೂ ಬಳಕೆಯಲ್ಲಿವೆ.

ಸಿರ್ರಸ್ ಎಂಬದು ಎಳೆಮೋಡ. ನಮ್ಮ ಸೀಮೆಯಲ್ಲಿ ಇದು ಸುಮಾರು 6 ಕಿಲೋಮೀಟರಿಗೂ ಮೇಲೆ, ಹಿಂಜಿದ ಅರಳೆಯ ಹಾಗೆ ತೋರುವದು. ಇದು ಹಿಮದ ಹರಳುಗಳಿಂದಾದದ್ದು. ಇದರಿಂದ ನೆಲಕ್ಕೆ ಮಳೆ ಬೀಳುವದಿಲ್ಲ. ಸ್ಟ್ರೇಟಸ್ ಎಂಬದು ಪದರುಮೋಡ. ಕಂಬಳಿ ಹೊದಿಸಿದಂತೆ ಆಕಾಶವನ್ನು ತಗ್ಗಾಗಿ ಮುಚ್ಚಿ, ತುಂತುರು ಹನಿಸುವದು. ಇದೇ ಜಾತಿಯ ದಪ್ಪ ಮೋಡವು ಮಳೆಗಾಲದಲ್ಲಿ ಬಹು ಹೊತ್ತು ಎಡೆಬಿಡದೆ ಸುರಿಸುವದು. ಕ್ಯುಮುಲಸ್ ಎಂಬದು ರಾಶಿಮೋಡ. ಇದರ ಬುಡವು ಚಪ್ಪಟೆ, ತಲೆಯು ಹತ್ತಿಯ ರಾಶಿಯಂತೆ ಉಬ್ಬಿರುವದು. ಇದು ಚಿಕ್ಕದಾಗಿದ್ದು ಸಂಜೆಗೆ ಕರಗಿದರೆ ಭಯವಿಲ್ಲ. ಅಗಲಕ್ಕಿಂತ ಎತ್ತರವು ಹೆಚ್ಚಾಗಿ, ನೋಡುತ್ತಿರುವಾಗಲೇ ಬೆಳೆಯುತ್ತಿದ್ದರೆ ಎಚ್ಚರವಾಗಿರಬೇಕು.

3. ಸಿಡಿಲಿನ ಮೋಡ. ಏಪ್ರಿಲ್, ಮೇ ತಿಂಗಳುಗಳ ಬಿಸಿಲಿಗೆ ನೆಲವು ಕಾಯುವದು. ಅದರ ಮೇಲಿನ ಹಸಿಗಾಳಿಯು ಬಿಸಿಯಾಗಿ ಮೇಲಕ್ಕೇರಿ, ತಣ್ಣಗಾಗಿ, ಅದರಲ್ಲಿರುವ ಆವಿಯು ಹನಿಯಾಗುವದು. ಆವಿಯು ಹನಿಯಾಗುವಾಗ ಶಾಖವನ್ನು ಬಿಡುವದರಿಂದ ಗಾಳಿಯು ಇನ್ನೂ ಮೇಲಕ್ಕೇರುವದು. ಹೀಗೆ ರಾಶಿಮೋಡವು ಗೋಪುರದಂತೆ ಬೆಳೆದು, ಕೆಲವು ಸಾರಿ 15 ಕಿಲೋಮೀಟರಿನಷ್ಟು ಎತ್ತರಕ್ಕೆ ಮುಟ್ಟಿ, ಕಮ್ಮಾರನ ಅಡಿಗಲ್ಲಿನಂತೆ ತಲೆಯನ್ನು ಹರಡುವದು. ಅದರೊಳಗೆ ಹಿಮದ ಹರಳುಗಳೂ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ತಾಕುವದರಿಂದ ವಿದ್ಯುತ್ತು ಹುಟ್ಟಿ ಸಿಡಿಲಾಗುವದು. ಇಂಥ ಒಂಟಿ ಮೋಡದ ಅಗಲವು ಕೆಲವೇ ಕಿಲೋಮೀಟರು. ಆಯುಷ್ಯವು ಹೆಚ್ಚುಕಡಿಮೆ ಒಂದು ತಾಸು. ಆದಕಾರಣವೇ ಒಂದೂರು ತೊಯ್ದು ಇನ್ನೊಂದೂರು ಒಣಗಿರುವದು.

4. ಮಾಡತಕ್ಕದ್ದು. ಬುಡವು ಕಪ್ಪಾಗಿ, ಒಮ್ಮೆಲೇ ತಂಪುಗಾಳಿ ಬೀಸಿದರೆ ಮಳೆಯು ಸಮೀಪಿಸಿತೆಂದು ತಿಳಿಯಿರಿ. ಆಗ ಕಾಳಿಗಿಂತ ಮನುಷ್ಯನು ಮುಖ್ಯ. ಮಿಂಚನ್ನು ಕಂಡ ಮೇಲೆ ಗುಡುಗು ಕೇಳುವ ವರೆಗೆ ಎಣಿಸಿರಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರಿನ ದೂರ. ಎಣಿಕೆಯು 30ಕ್ಕೆ ಕಡಿಮೆಯಾದರೆ ಕೆಲಸ ಬಿಟ್ಟು ಗಟ್ಟಿಯಾದ ಮನೆಯೊಳಗೆ ಸೇರಬೇಕು. ಮಳೆ ಬೀಳದ ಸ್ಥಳದಲ್ಲಿಯೂ ಸಿಡಿಲು ಬಡಿಯುವದುಂಟು. ಹೊಲದ ಒಂಟಿ ಮರದ ಕೆಳಗೆ ನಿಲ್ಲಲೇ ಬಾರದು. ಯಾಕಂದರೆ ಸಿಡಿಲು ಎತ್ತರವಾದದ್ದನ್ನೇ ಹೆಚ್ಚಾಗಿ ಬಡಿಯುವದು, ಮರದಿಂದ ಬಳಿಯಲ್ಲಿದ್ದವನಿಗೂ ಹಾಯುವದು. ಕಡೇ ಗುಡುಗಿನ ತರುವಾಯ 30 ನಿಮಿಷಗಳ ವರೆಗೆ ಹೊರಗೆ ಹೋಗಬೇಡಿರಿ. ಸಿಡಿಲು ಬಡಿದವನ ದೇಹದಲ್ಲಿ ವಿದ್ಯುತ್ತು ಉಳಿಯುವದಿಲ್ಲ. ಮುಟ್ಟಲು ಹೆದರದೆ ತಡಮಾಡದೆ ಅವನಿಗೆ ಸಹಾಯ ಮಾಡಬೇಕು.

ಬೆಳಿಗ್ಗೆ ಮುನ್ಸೂಚನೆಯನ್ನು ಕೇಳಿ ದಿನದ ಕೆಲಸವನ್ನು ಗೊತ್ತುಮಾಡಿರಿ. ಮಧ್ಯಾಹ್ನದ ಮೇಲೆ ಆಗಾಗ ತಲೆಯೆತ್ತಿ ಮೋಡವನ್ನು ನೋಡಿರಿ. ಓದು ಬಾರದವರಿಗೂ ಮಕ್ಕಳಿಗೂ ಇದನ್ನು ತಿಳಿಸಿರಿ.

ಪ್ರಶ್ನೆಗಳು: (1) “ಒಂದೆರಡು ಕಡೆ ಮಳೆ” ಎಂಬದರ ಅರ್ಥವೇನು? (2) ಎಳೆಮೋಡದಿಂದ ನೆಲಕ್ಕೆ ಮಳೆ ಬೀಳುವದೋ? (3) ರಾಶಿಮೋಡಕ್ಕೆ ಯಾವಾಗ ಹೆದರಬೇಕು? (4) ಮಿಂಚಿನ ತರುವಾಯ 15 ಎಣಿಸುವಷ್ಟರಲ್ಲಿ ಗುಡುಗು ಕೇಳಿದರೆ ಸಿಡಿಲು ಎಷ್ಟು ದೂರದಲ್ಲಿದೆ? ನೀವೇನು ಮಾಡಬೇಕು?