ಬ್ಯಾಂಕಿನವರು ಮಾಡಿಸಿದ ವಿಮೆ ಸಾಕೇ?

ಪ್ರಶ್ನೆ: ಗದಗದಲ್ಲಿ ಸಣ್ಣ ಖಾನಾವಳಿ ನಡೆಸುತ್ತೇನೆ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಮಾಡಿ ಪ್ಯಾಕೆಟ್ ಮಾಡಿ ಮಾರುತ್ತೇನೆ. ಐದು ಜನ ಹೆಣ್ಣುಮಕ್ಕಳು ಕೆಲಸಕ್ಕಿದ್ದಾರೆ. ಸಾಲ ತೆಗೆದುಕೊಂಡಾಗ ಬ್ಯಾಂಕಿನವರೇ ಒಂದು ಇನ್ಶೂರೆನ್ಸ್ ಮಾಡಿಸಿದ್ದಾರೆ, ವರ್ಷಾ ವರ್ಷಾ ಖಾತೆಯಿಂದ ದುಡ್ಡು ಹೋಗುತ್ತದೆ. ಈಗ ಬೆಂಗಳೂರಿನ ಅಂಗಡಿಯೊಂದರವರು ನಮ್ಮ ಮಾಲು ತರಿಸಿಕೊಳ್ಳುತ್ತೇವೆ ಎಂದಿದ್ದಾರೆ. ಆದರೆ ‘ಲಯಬಿಲಿಟಿ ಇನ್ಶೂರೆನ್ಸ್’ ಕಾಗದ ಕೊಡಿ ಎನ್ನುತ್ತಾರೆ. ಇರುವ ವಿಮೆ ಸಾಲದೇ? ನಮ್ಮಂಥ ಸಣ್ಣವರಿಗೂ ಇದು ಬೇಕೇ?

ಉತ್ತರ: ಇರುವ ವಿಮೆ ಸಾಲದು. ಮತ್ತು ಇದು ದೊಡ್ಡವರಿಗಿಂತ ನಿಮ್ಮಂಥವರಿಗೇ ಹೆಚ್ಚು ಬೇಕು.

ಮೊದಲು ನಿಮ್ಮ ಕೈಯಲ್ಲಿರುವ ಪಾಲಿಸಿಯ ಮೊದಲ ಪುಟ ತೆಗೆದು ನೋಡಿ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’ ಎಂಬ ಹೆಸರು ಅಲ್ಲಿರಬಹುದು. ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರುವ ಉದ್ಯಮಗಳಿಗೆಂದು ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ ಪಾಲಿಸಿ ಅದು. ಕಟ್ಟಡ, ಯಂತ್ರ, ಸ್ಟಾಕು ಎಂದು ಸಾಲುಗಳಿರುತ್ತವೆ; ಸಾಲ ಕೊಟ್ಟ ಬ್ಯಾಂಕಿನ ಹೆಸರೂ ಇರುತ್ತದೆ. ಬೆಂಕಿ ಬಿದ್ದರೆ, ಸಿಡಿಲು ಬಡಿದರೆ, ನೆರೆ ನುಗ್ಗಿದರೆ ನಿಮ್ಮ ಗಿರಣಿಗೆ, ಜೋಳದ ಚೀಲಕ್ಕೆ ಆದ ನಷ್ಟವನ್ನು ಅದು ತುಂಬಿಕೊಡುತ್ತದೆ. ಬ್ಯಾಂಕಿಗೆ ಬೇಕಾದದ್ದು ಅಷ್ಟೇ, ಅದರ ಸಾಲಕ್ಕೆ ಆಧಾರವಾದ ವಸ್ತು ಉಳಿಯಬೇಕು. ಆದರೆ ಕೈತೊಳೆಯುವ ಜಾಗದಲ್ಲಿ ಗಿರಾಕಿಯೊಬ್ಬರು ಕಾಲು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ, ಊಟ ಮಾಡಿದವರು ವಾಂತಿ ಭೇದಿಯಾಗಿ ಆಸ್ಪತ್ರೆ ಸೇರಿದರೆ, ಕುದಿಯುವ ಎಣ್ಣೆ ಕೆಲಸದವಳ ಮೈಮೇಲೆ ಬಿದ್ದರೆ ಆ ಪಾಲಿಸಿ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ನಮ್ಮಿಂದ ಬೇರೆಯವರಿಗೆ ಆದ ಹಾನಿಗೆ ನಾವು ಕೊಡಬೇಕಾದ ಪರಿಹಾರವನ್ನು ನಮ್ಮ ಪರವಾಗಿ ಕಂಪನಿ ಕೊಡುವುದೇ ಲಯಬಿಲಿಟಿ ಇನ್ಶೂರೆನ್ಸ್, ಅಂದರೆ ಹೊಣೆಗಾರಿಕೆ ವಿಮೆ. ನಿಮ್ಮ ಮನೆಯ ಸ್ಕೂಟರಿಗೆ ಮಾಡಿಸಿರುವ ಥರ್ಡ್ ಪಾರ್ಟಿ ವಿಮೆಯೂ ಇದೇ ಜಾತಿಯದು. ರಸ್ತೆಯಲ್ಲಿ ಕಾನೂನು ಅದನ್ನು ಕಡ್ಡಾಯ ಮಾಡಿದೆ, ಖಾನಾವಳಿಗೆ ಮಾಡಿಲ್ಲ.

ಕಡ್ಡಾಯವಿಲ್ಲವೆಂದರೆ ಹೊಣೆ ಇಲ್ಲ ಎಂದಲ್ಲ. ಭೋಪಾಲ್ ಅನಿಲ ದುರಂತದ ಬಳಿಕ ಬಂದ 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕಾರಿ ರಾಸಾಯನಿಕಗಳನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಇಟ್ಟುಕೊಳ್ಳುವವರಿಗೆ ವಿಮೆಯನ್ನು ಕಡ್ಡಾಯ ಮಾಡಿತು. ನಿಮ್ಮ ನಾಲ್ಕಾರು ಸಿಲಿಂಡರ್ ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಆಹಾರ ಸುರಕ್ಷತಾ ಕಾಯ್ದೆ, 2006ರ 65ನೇ ಸೆಕ್ಷನ್ ನಿಮಗೆ ಅನ್ವಯಿಸುತ್ತದೆ. ಆಹಾರದಿಂದ ಗ್ರಾಹಕರ ಜೀವ ಹೋದರೆ 5 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ಪರಿಹಾರ, ತೀವ್ರ ಹಾನಿಯಾದರೆ 3 ಲಕ್ಷದವರೆಗೆ, ಉಳಿದ ಹಾನಿಗೆ 1 ಲಕ್ಷದವರೆಗೆ ಕೊಡಬೇಕಾಗಬಹುದು. ಇದು ತಲಾ ಒಬ್ಬೊಬ್ಬರಿಗೆ.

ಸಣ್ಣವರಿಗೇ ಹೆಚ್ಚು ಬೇಕು ಎಂದೆನಲ್ಲ, ಅದರ ಕಾರಣ ಇಲ್ಲಿದೆ. ಪ್ರೈವೇಟ್ ಲಿಮಿಟೆಡ್ ಕಂಪನಿ ಸೋತರೆ ಸಾಮಾನ್ಯವಾಗಿ ಕಂಪನಿಯ ಆಸ್ತಿ ಹೋಗುತ್ತದೆ, ಮಾಲೀಕರ ಮನೆ ಉಳಿಯುತ್ತದೆ. ನಿಮ್ಮದು ನಿಮ್ಮ ಹೆಸರಿನಲ್ಲೇ ನಡೆಯುವ ವ್ಯವಹಾರ. ಕಾನೂನಿನ ಕಣ್ಣಿಗೆ ಖಾನಾವಳಿಯೂ ನೀವೂ ಒಂದೇ. ಪರಿಹಾರದ ಆದೇಶ ಬಂದರೆ ಗಲ್ಲಾಪೆಟ್ಟಿಗೆಯಲ್ಲಿ ದುಡ್ಡು ಮುಗಿದ ಮೇಲೆ ನಿಮ್ಮ ಠೇವಣಿ, ಹೊಲ, ಮನೆಯವರೆಗೂ ಅದು ಬರಬಹುದು. ಪಾಲುದಾರಿಕೆಯಲ್ಲೂ ಹೀಗೆಯೇ: 1932ರ ಪಾಲುದಾರಿಕೆ ಕಾಯ್ದೆಯಂತೆ ಒಬ್ಬೊಬ್ಬ ಪಾಲುದಾರರೂ ಪೂರ್ತಿ ಬಾಕಿಗೆ ಹೊಣೆ.

ಬೆಂಗಳೂರಿನ ಅಂಗಡಿಯವರು ಕಾಗದ ಕೇಳುವುದರ ಹಿಂದೆ ಹಳೆಯದೊಂದು ಮೊಕದ್ದಮೆಯ ನೆರಳಿದೆ. 1928ರಲ್ಲಿ ಸ್ಕಾಟ್ಲೆಂಡಿನ ಪೇಸ್ಲಿ ಎಂಬ ಊರಿನ ಹೋಟೆಲಿನಲ್ಲಿ ಮೇ ಡೊನಹ್ಯೂ ಎಂಬ ಹೆಣ್ಣುಮಗಳಿಗೆ ಗೆಳತಿ ಜಿಂಜರ್ ಬಿಯರ್ ಕೊಡಿಸಿದಳು. ಬಾಟಲಿಯೊಳಗೆ ಕೊಳೆತ ಬಸವನಹುಳು ಇತ್ತು ಎಂಬುದು ಡೊನಹ್ಯೂ ದೂರು. ಆಕೆ ದುಡ್ಡು ಕೊಟ್ಟು ಕೊಂಡವಳಲ್ಲ. ತಯಾರಕನ ಜೊತೆ ಆಕೆಗೆ ಯಾವ ಕರಾರೂ ಇರಲಿಲ್ಲ. ಆದರೂ 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ಕೊನೆಯಲ್ಲಿ ಬಳಸುವವರ ಬಗ್ಗೆ ತಯಾರಕ ಎಚ್ಚರ ವಹಿಸಲೇಬೇಕು ಎಂದು ತೀರ್ಪು ಕೊಟ್ಟಿತು. ನಮ್ಮ ಗ್ರಾಹಕ ರಕ್ಷಣಾ ಕಾಯ್ದೆ, 2019 ಇದನ್ನು ಇನ್ನೂ ಮುಂದಕ್ಕೆ ಒಯ್ದು ‘ಉತ್ಪನ್ನ ಹೊಣೆಗಾರಿಕೆ’ಗೆ ಒಂದು ಅಧ್ಯಾಯವನ್ನೇ ಇಟ್ಟಿದೆ. ತಯಾರಿಸುವಾಗಿನ ದೋಷ ಮಾತ್ರವಲ್ಲ, ಸರಿಯಾದ ಎಚ್ಚರಿಕೆ ಕೊಡದಿರುವುದೂ ಅದರಲ್ಲಿ ತಪ್ಪು. ನಿಮ್ಮ ಹಿಂಡಿಯಲ್ಲಿ ಶೇಂಗಾ ಇದೆ. ಕೆಲವರ ಮೈಗೆ ಶೇಂಗಾ ಒಗ್ಗುವುದೇ ಇಲ್ಲ, ಜೀವಕ್ಕೇ ಅಪಾಯವಾಗಬಹುದು. ಪ್ಯಾಕೆಟ್ಟಿನ ಮೇಲೆ ಅದನ್ನು ಅಚ್ಚು ಹಾಕದಿದ್ದರೆ ಹೊಣೆ ನಿಮ್ಮದು. ಕಾಯ್ದೆ ಮಾರಾಟಗಾರರನ್ನೂ ಕೆಲವು ಸಂದರ್ಭಗಳಲ್ಲಿ ಎಳೆಯುತ್ತದೆ, ಹಾಗಾಗಿ ಅವರು ನಿಮ್ಮ ವಿಮೆ ಕೇಳುತ್ತಿದ್ದಾರೆ.

ಅವರು ಕೇಳಿದ್ದು ಉತ್ಪನ್ನ ಹೊಣೆಗಾರಿಕೆ ವಿಮೆ. ಆದರೆ ನಿಮಗೆ ಬೇಕಾದದ್ದು ಮೂರು ವಿಮೆ, ಅವರು ಕೇಳಿದ್ದು ಅವುಗಳಲ್ಲಿ ಮೂರನೆಯದು.

ಮೊದಲನೆಯದು ಕೆಲಸದವರದು. ಕೆಲಸದ ವೇಳೆ, ಕೆಲಸದ ಕಾರಣದಿಂದ ಅಪಘಾತವಾದರೆ ಮಾಲೀಕರ ತಪ್ಪಿರಲಿ ಇಲ್ಲದಿರಲಿ ಪರಿಹಾರ ಕೊಡಬೇಕು ಎಂಬುದು 1923ರಿಂದ ಇರುವ ನಿಯಮ. ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ. ಲೆಕ್ಕ ನೋಡಿ. ತಿಂಗಳಿಗೆ 15,000 ರೂಪಾಯಿ ಕೂಲಿಯ 30 ವರ್ಷದ ಕೆಲಸಗಾರ್ತಿ ಅಪಘಾತದಲ್ಲಿ ತೀರಿಕೊಂಡರೆ ಕೂಲಿಯ ಅರ್ಧ, ಅಂದರೆ 7,500 ರೂಪಾಯಿಯನ್ನು ಆ ವಯಸ್ಸಿಗೆ ಪಟ್ಟಿಯಲ್ಲಿರುವ 207.98ರಿಂದ ಗುಣಿಸಬೇಕು. ಬರುವ ಮೊತ್ತ 15,59,850 ರೂಪಾಯಿ. ಸರ್ಕಾರದ ಕಾರ್ಮಿಕ ವಿಮಾ ಯೋಜನೆಯಾದ ಇಎಸ್‌ಐ ವ್ಯಾಪ್ತಿಯಲ್ಲಿರುವ ಸಂಸ್ಥೆಗಳಲ್ಲಿ ಈ ಭಾರವನ್ನು ಇಎಸ್‌ಐ ಹೊರುತ್ತದೆ, ಐದೇ ಜನರಿರುವ ನಿಮ್ಮಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ‘ಎಂಪ್ಲಾಯೀಸ್ ಕಾಂಪನ್ಸೇಷನ್’ ಪಾಲಿಸಿ ಇದಕ್ಕೆಂದೇ ಇದೆ. ಪ್ರೀಮಿಯಂ ಕೂಲಿಯ ಮೊತ್ತದ ಮೇಲೆ ಲೆಕ್ಕವಾಗುತ್ತದೆ. ನಾಲ್ಕು ದುಡ್ಡು ಉಳಿಯಲೆಂದು ಐವರ ಬದಲು ಮೂವರನ್ನು, 15,000ದ ಬದಲು 8,000ವನ್ನು ಬರೆಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಪಘಾತದ ದಿನ ಹೆಸರಿಲ್ಲದವಳಿಗೆ ವಿಮೆಯಿಂದ ಏನೂ ಸಿಗುವುದಿಲ್ಲ, ಪೂರ್ತಿ ನೀವೇ ಕೊಡಬೇಕಾಗುತ್ತದೆ. ಪರಿಹಾರ ತಡಮಾಡಿದ್ದಕ್ಕೆ ಬೀಳುವ ದಂಡವಂತೂ ವಿಮೆ ಇದ್ದರೂ ಮಾಲೀಕರ ಜೇಬಿನಿಂದಲೇ.

ಎರಡನೆಯದು ಸಾರ್ವಜನಿಕ ಹೊಣೆಗಾರಿಕೆ ಪಾಲಿಸಿ, ಖಾನಾವಳಿಗೆ ಬಂದವರಿಗಾಗಿ. ಇಲ್ಲಿ ಒಂದು ಸಾಲನ್ನು ಹುಡುಕಲೇಬೇಕು. ಕಾಲು ಜಾರಿ ಬಿದ್ದದ್ದು ಮೂಲ ಪಾಲಿಸಿಯಲ್ಲೇ ಬರುತ್ತದೆ. ಊಟದಿಂದ ಆದ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ. ‘ಫುಡ್ ಅಂಡ್ ಬೆವರೇಜಸ್’ ಎಂಬ ಸೇರ್ಪಡೆಯನ್ನು ಹೆಚ್ಚಿನ ಪ್ರೀಮಿಯಂ ಕೊಟ್ಟು ಹಾಕಿಸಬೇಕು. ಅದಿಲ್ಲದ ಪಾಲಿಸಿ ಖಾನಾವಳಿಗೆ ಇದ್ದೂ ಇಲ್ಲದಂತೆ. ಆಮೇಲೆ ಎಒಎ, ಎಒವೈ ಎಂಬ ಎರಡು ಅಂಕಿ ನೋಡಿ. ಎಒಎ ಎಂದರೆ ಒಂದು ಅಪಘಾತಕ್ಕೆ ಕಂಪನಿ ಕೊಡುವ ಗರಿಷ್ಠ ಮೊತ್ತ, ಎಒವೈ ಎಂದರೆ ಇಡೀ ವರ್ಷಕ್ಕೆ. ಒಂದೇ ಹಂಡೆಯ ಸಾರು ಇನ್ನೂರು ಎಲೆಗೆ ಹೋಗುತ್ತದೆ. ಸಾರು ಕೆಟ್ಟು ಎಂಬತ್ತು ಜನ ಹಾಸಿಗೆ ಹಿಡಿದರೆ ಕಾರಣ ಒಂದೇ ಆದ್ದರಿಂದ ಅದು ಒಂದೇ ಅಪಘಾತ, ಎಂಬತ್ತು ಜನರಿಗೂ ಸೇರಿ ಎಒಎ ಮೊತ್ತವೇ ಗತಿ. ವಕೀಲರ ಖರ್ಚೂ ಅದರೊಳಗೇ ಬರಬಹುದು. ಆದ್ದರಿಂದ ಅಡುಗೆಯವರು ಎಒಎಯನ್ನು ಕಡಿಮೆ ಇಡಬಾರದು.

ಮೂರನೆಯದು ಬೆಂಗಳೂರಿನವರು ಕೇಳಿದ ಉತ್ಪನ್ನ ಹೊಣೆಗಾರಿಕೆ ಪಾಲಿಸಿ. ಇದರ ಪ್ರೀಮಿಯಂ ವಾರ್ಷಿಕ ವಹಿವಾಟಿನ ಮೇಲೆ ನಿಲ್ಲುತ್ತದೆ. ಅಂಗಡಿಯವರ ಹೆಸರನ್ನೂ ಸೇರಿಸಿ ಎಂದರೆ ‘ವೆಂಡರ್ ಎಂಡಾರ್ಸ್‌ಮೆಂಟ್’ ಕೇಳಿ. ಅವರ ಕರಾರು ಪತ್ರವನ್ನೂ ಓದಿ: ‘ಏನೇ ಆದರೂ ಎಲ್ಲ ನಷ್ಟವೂ ಸರಬರಾಜುದಾರರದು’ ಎಂದು ಬರೆದಿದ್ದರೆ ಎಚ್ಚರ. ಕಾನೂನು ಹೊರಿಸದ, ಬರೀ ಕರಾರಿನಿಂದ ಮೈಮೇಲೆ ಹಾಕಿಕೊಂಡ ಹೊಣೆಯನ್ನು ವಿಮೆ ಹೊರುವುದಿಲ್ಲ. ಮುಂದೆ ವಿದೇಶಕ್ಕೂ ಕಳಿಸುವ ಯೋಚನೆಯಿದ್ದರೆ ಮೊದಲೇ ತಿಳಿಸಿ, ಪಾಲಿಸಿ ಸಾಮಾನ್ಯವಾಗಿ ಭಾರತದೊಳಗಿನ ಕ್ಲೇಮಿಗೆ ಮಾತ್ರ.

ಈ ಕೊನೆಯ ಎರಡೂ ಪಾಲಿಸಿಗಳು ನಮ್ಮಲ್ಲಿ ಹೆಚ್ಚಾಗಿ ‘ಕ್ಲೇಮ್ಸ್ ಮೇಡ್’ ರೀತಿಯವು. ಘಟನೆ ನಡೆದಾಗ ಪಾಲಿಸಿ ಇತ್ತು ಎಂದರೆ ಸಾಲದು, ಕ್ಲೇಮ್ ಬಂದಾಗಲೂ ಚಾಲ್ತಿಯಲ್ಲಿರಬೇಕು. ಗ್ರಾಹಕರಿಗೆ ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ. ಈ ವರ್ಷ ಮಾರಿದ ಹಿಂಡಿಗೆ ಮುಂದಿನ ವರ್ಷ ನೋಟಿಸ್ ಬರಬಹುದು. ಪಾಲಿಸಿಯಲ್ಲಿ ‘ರೆಟ್ರೋಆಕ್ಟಿವ್ ಡೇಟ್’ ಎಂಬ ತಾರೀಕು ಇರುತ್ತದೆ, ಆ ದಿನದ ನಂತರದ ಘಟನೆಗಳಷ್ಟೇ ಲೆಕ್ಕಕ್ಕೆ. ನಡುವೆ ನವೀಕರಣ ತಪ್ಪಿಸಿದರೆ ಆ ಹಳೆಯ ತಾರೀಕು ಕೈಬಿಟ್ಟು ಹೋಗಬಹುದು. ಪ್ರೀಮಿಯಂ ಸಂದಾಯವಾಗದೆ ಯಾವ ರಿಸ್ಕೂ ಶುರುವಾಗುವುದಿಲ್ಲ ಎಂದು ವಿಮಾ ಕಾಯ್ದೆಯೇ ಹೇಳುತ್ತದೆ. ‘ನಾಳೆ ಕಟ್ಟುತ್ತೇನೆ’ ಎಂದು ಏಜೆಂಟರಿಗೆ ಹೇಳಿದ್ದು ಉಪಯೋಗಕ್ಕೆ ಬಾರದು.

ಏನಾದರೂ ಆದರೆ ಮೊದಲು ಆಸ್ಪತ್ರೆ. ಅದಕ್ಕೆ ಯಾವ ಕಂಪನಿಯ ಅಪ್ಪಣೆಯೂ ಬೇಡ. ಅದೇ ದಿನ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ. ‘ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ’ ಎಂದು ಕಂಪನಿಯ ಒಪ್ಪಿಗೆಯಿಲ್ಲದೆ ಬರೆದುಕೊಡಬೇಡಿ, ಅಷ್ಟಕ್ಕೇ ಕ್ಲೇಮ್ ತಿರಸ್ಕರಿಸುವ ಷರತ್ತು ಪಾಲಿಸಿಯಲ್ಲಿದೆ. ಯಾವ ದಿನ ಎಷ್ಟು ಕೆಜಿ ಶೇಂಗಾ ಎಲ್ಲಿಂದ ತಂದಿರಿ, ಯಾವ ಬ್ಯಾಚ್ ಯಾವ ಅಂಗಡಿಗೆ ಹೋಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕು ಇಲ್ಲದಿದ್ದರೆ ಯಾರದೋ ಪ್ಯಾಕೆಟ್ಟಿಗೂ ನೀವು ಉತ್ತರ ಕೊಡಬೇಕಾಗಬಹುದು. ಕಂಪನಿ ಅನ್ಯಾಯವಾಗಿ ಕ್ಲೇಮ್ ತಳ್ಳಿಹಾಕಿದರೆ ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಒಬ್ಬರೇ ಮಾಲೀಕರ ವ್ಯವಹಾರ, ಸೂಕ್ಷ್ಮ ಉದ್ಯಮಗಳ ದೂರನ್ನೂ ಅಲ್ಲಿ ಖರ್ಚಿಲ್ಲದೆ ಕೇಳುತ್ತಾರೆ.

ಮೂರನ್ನೂ ಒಟ್ಟಿಗೆ ಮಾಡಿಸುವುದು ಭಾರ ಎನಿಸಿದರೆ ಕ್ರಮ ಹೀಗಿರಲಿ: ಈ ವಾರ ಕೆಲಸದವರ ಪಾಲಿಸಿ, ಅದರ ಹಿಂದೆಯೇ ಊಟದ ಸೇರ್ಪಡೆಯಿರುವ ಸಾರ್ವಜನಿಕ ಪಾಲಿಸಿ, ಬೆಂಗಳೂರಿಗೆ ಮೊದಲ ಲೋಡು ಹೊರಡುವ ಮುಂಚೆ ಉತ್ಪನ್ನದ ಪಾಲಿಸಿ. ಕನಿಷ್ಠ ಎರಡು ಕಂಪನಿಗಳಿಂದ ಲಿಖಿತ ಕೊಟೇಶನ್ ತರಿಸಿ, ಪ್ರೀಮಿಯಂಗಿಂತ ಮೊದಲು ‘ಏನೇನು ಬರುವುದಿಲ್ಲ’ ಎಂಬ ಪಟ್ಟಿಯನ್ನು ಹೋಲಿಸಿ. ಅಂಗಡಿಯವರ ಆರ್ಡರ್ ಒಂದು ತಿಂಗಳು ತಡವಾದರೂ ನಡೆಯುತ್ತದೆ. ನಿಮ್ಮ ಒಲೆಯ ಮುಂದೆ ಇಂದೇ ಕೂತಿರುವ ಆ ಐವರ ವಿಮೆ ತಡವಾಗಬಾರದು.