ಫೋನು ಹೊಲದಿಂದ ಬಂದ ಮೇಲೆ

ಹೋಂವರ್ಕ್ ಕಳಿಸಲು ರಾತ್ರಿ ಎಂಟೂವರೆಗಿಂತ ಒಳ್ಳೆಯ ಹೊತ್ತಿಲ್ಲ. ಬಸವಕಲ್ಯಾಣ, ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಫೋನು ಮಕ್ಕಳದಲ್ಲ, ಮನೆಯದು. ಹಗಲೆಲ್ಲ ಅಪ್ಪನ ಜೇಬಿನಲ್ಲಿ ಹೊಲಕ್ಕೋ ಲಾರಿಗೋ ಹೋಗಿರುತ್ತದೆ. ಸಂಜೆ ಬಂದ ಮೇಲೆ ಮೊದಲು ಚಾರ್ಜಿಗೆ, ಆಮೇಲೆ ಅಣ್ಣನ ಕೈಗೆ, ಊಟ ಮುಗಿದ ಮೇಲೆ ಹತ್ತನೇ ಕ್ಲಾಸಿನ ಹುಡುಗಿಯ ಕೈಗೆ. ನಾಲ್ಕು ಗಂಟೆಗೆ ಕಳಿಸಿದ ಮೆಸೇಜು ಆ ಹೊತ್ತಿಗೆ ನೂರು ಫಾರ್ವರ್ಡುಗಳ ಕೆಳಗೆ ಹೂತುಹೋಗಿರುತ್ತದೆ.

ಹೋಂವರ್ಕ್ ಕಳಿಸುವ ಈ ವಾಟ್ಸಾಪ್ ಗುಂಪುಗಳು ಶುರುವಾದದ್ದು ಕೊರೋನಾ ಕಾಲದಲ್ಲಿ. 2020ರ ಆಗಸ್ಟಿನಲ್ಲಿ ವಿದ್ಯಾಗಮ ಬಂತು, ಗುಡಿಯ ಪೌಳಿ, ಮರದ ನೆರಳುಗಳೆಲ್ಲ ಕ್ಲಾಸಾದವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಚಂದನದ ಸಂವೇದ ಪಾಠ ಮತ್ತು ವಾಟ್ಸಾಪು ಉಳಿದವು. ಕೊರೋನಾ ಹೋದರೂ ಗುಂಪು ಹೋಗಲಿಲ್ಲ. ನಾನು ಎರಡು ಗುಂಪು ಇಟ್ಟುಕೊಂಡಿದ್ದೇನೆ. ಒಂದರಲ್ಲಿ ಶಾಲೆಯ ಸುದ್ದಿ ಮಾತ್ರ: ಪರೀಕ್ಷೆಯ ವೇಳಾಪಟ್ಟಿ, ಸ್ಕಾಲರ್‌ಶಿಪ್ಪಿಗೆ ಬೇಕಾದ ಜಾತಿ-ಆದಾಯ ಪ್ರಮಾಣಪತ್ರ, ಬಸ್ ಪಾಸು, ಸೆಪ್ಟೆಂಬರ್ 17ರ ಧ್ವಜಾರೋಹಣಕ್ಕೆ ಎಷ್ಟು ಗಂಟೆಗೆ ಬರಬೇಕು. ಅಲ್ಲಿ ಬೇರೆ ಯಾರೂ ಬರೆಯುವಂತಿಲ್ಲ. ಇದರಿಂದ ‘ಶುಭೋದಯ’ದ ಗುಲಾಬಿ ಹೂವುಗಳು ನಿಂತವು, ಕೆಲವು ಪಾಲಕರಿಗೆ ಬೇಜಾರೂ ಆಯಿತು. ಸುದ್ದಿಯನ್ನು ಬರೆದು ಕಳಿಸುವುದರ ಜೊತೆಗೆ ಬಾಯಲ್ಲೂ ಹೇಳಿ ಕಳಿಸುತ್ತೇನೆ, ಅರ್ಧ ನಿಮಿಷಕ್ಕಿಂತ ಕಡಿಮೆ. ಮನೆಯಲ್ಲಿ ಮರಾಠಿ, ದಖನಿ ಉರ್ದು, ಲಂಬಾಣಿ ಆಡುವ ತಾಯಂದಿರು ಕನ್ನಡ ಓದಲಿಕ್ಕಿಲ್ಲ. ಕೇಳಿದರೆ ಎಲ್ಲರಿಗೂ ತಿಳಿಯುತ್ತದೆ.

ಎರಡನೆಯ ಗುಂಪು ಭೂಗೋಳದ್ದು. ಅದರಲ್ಲಿ ಪಠ್ಯದ ಪುಟಗಳ ಫೋಟೊ ಹಾಕುವುದಿಲ್ಲ. ಪುಸ್ತಕ ಮಕ್ಕಳ ಹತ್ತಿರ ಇದೆ. ಫೋಟೊ ಹಾಕಿದರೆ ಅದನ್ನೇ ನೋಡಿ ನೋಟ್‌ಬುಕ್ಕಿಗೆ ಇಳಿಸಿ ಮತ್ತೆ ಫೋಟೊ ತೆಗೆದು ಕಳಿಸುತ್ತಾರೆ, ನಡುವೆ ತಲೆಗೆ ಏನೂ ಹೋಗುವುದಿಲ್ಲ. ಗೈಡಿನಲ್ಲಿ ಉತ್ತರ ಸಿಗದ ಪ್ರಶ್ನೆ ಕಳಿಸಬೇಕು. ಅಂಥ ಪ್ರಶ್ನೆಗೆ ನಮ್ಮ ಸೀಮೆಯಲ್ಲಿ ಬರವಿಲ್ಲ.

ನಿಮ್ಮ ಮನೆಯ ಮಾಳಿಗೆ ಮೇಲೆ ಬಿದ್ದ ಮಳೆ ಯಾವ ಹಳ್ಳಕ್ಕೆ ಹೋಗುತ್ತದೆ, ಆ ಹಳ್ಳ ಯಾವ ಹೊಳೆಗೆ? ವರ್ಷದ ಮೊದಲ ಹೋಂವರ್ಕು ಇದೇ. ಉತ್ತರಗಳು ಎರಡು ಕಡೆ ಒಡೆಯುತ್ತವೆ. ಕಾರಂಜಾ ಕಡೆಯವರ ನೀರು ಭಾಲ್ಕಿ ತಾಲ್ಲೂಕಿನ ಬ್ಯಾಲಹಳ್ಳಿಯ ಜಲಾಶಯ ದಾಟಿ ಮಾಂಜ್ರಾ ಸೇರುತ್ತದೆ, ಮಾಂಜ್ರಾ ತೆಲಂಗಾಣದ ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ. ಮುಲ್ಲಾಮಾರಿ ಕಡೆಯವರ ನೀರು ದಕ್ಷಿಣಕ್ಕೆ ಚಿಂಚೋಳಿಯತ್ತ ಇಳಿದು ಕಾಗಿಣಾ, ಭೀಮಾ, ಕೊನೆಗೆ ಕೃಷ್ಣಾ. ತಗಡಿನ ಮನೆಯ ನೆತ್ತಿಯ ಹಾಗೆ ಒಂದು ದಿನ್ನೆ ನಮ್ಮ ನೆಲದಲ್ಲಿ ಹಾದುಹೋಗಿದೆ. ಆಚೆ ಬಿದ್ದ ಹನಿ ಒಂದು ನದಿಗೆ, ಈಚೆ ಬಿದ್ದದ್ದು ಇನ್ನೊಂದಕ್ಕೆ. ಕರ್ನಾಟಕದಲ್ಲಿ ಗೋದಾವರಿ ಕೊಳ್ಳ ಇರುವುದು ಸುಮಾರು 4,400 ಚದರ ಕಿ.ಮೀ. ಮಾತ್ರ, ಅದೂ ಹೆಚ್ಚುಕಡಿಮೆ ಪೂರ್ತಿ ನಮ್ಮ ಬೀದರ್ ಜಿಲ್ಲೆಯಲ್ಲೇ. ಪಾಠದಲ್ಲಿ ಇದನ್ನು ಹೇಳಿದಾಗ ಯಾರೂ ತಲೆ ಎತ್ತುವುದಿಲ್ಲ. ಒಂದೇ ಬೆಂಚಿನ ಇಬ್ಬರ ಹೊಲದ ನೀರು ಬೇರೆ ಬೇರೆ ನದಿಗೆ ಹೋಗುತ್ತದೆ ಅಂತ ಗೊತ್ತಾದಾಗ ಜಗಳವೇ ಶುರುವಾಗುತ್ತದೆ. ಒಬ್ಬ ಹುಡುಗ ಕೇಳಿದ: “ಸರ್, ನಮ್ಮಣ್ಣ ಹೈದ್ರಾಬಾದಿನ್ಯಾಗ ನಮ್ ಹೊಲದ ನೀರೇ ಕುಡಿತಾನೇನ್ರಿ?” ಮಾಂಜ್ರಾದ ಮೇಲೆ ಸಿಂಗೂರು ಜಲಾಶಯ ಇದೆ, ಅಲ್ಲಿಂದ ಹೈದರಾಬಾದಿಗೆ ಕುಡಿಯುವ ನೀರು ಹೋಗುತ್ತದೆ. ಒಂದು ಲೋಟದಷ್ಟಾದರೂ ಕುಡಿದಿರಬೇಕು ಎಂದೆ.

ಆದರೆ ನನಗೇ ಹೆಚ್ಚು ಕಲಿಸಿದ್ದು ಬಾವಿಯ ಹೋಂವರ್ಕು. ನಿಮ್ಮ ಹೊಲದ ಬಾವಿ ತೋಡುವಾಗ ಮೇಲಿಂದ ಕೆಳಗೆ ಏನೇನು ಸಿಕ್ಕಿತು ಎಂದು ಅಜ್ಜನನ್ನು ಕೇಳಿ ಬರೆಯಿರಿ, ನೀವು ಬಗ್ಗಿ ನೋಡಬೇಡಿ ಎಂದು ಕಳಿಸಿದೆ. ಕೆಲವರು ಬರೆದರು: ಕರಿ ಮಣ್ಣು, ಆಮೇಲೆ ಕರಿ ಕಲ್ಲು. ದಿನ್ನೆಯ ಮೇಲಿನ ಊರವರು ಬರೆದರು: ಕೆಂಪು ಕಲ್ಲು, ಅದರ ಕೆಳಗೆ ಸುಣ್ಣದಂಥ ಬಿಳಿ ಮಣ್ಣು, ಆಮೇಲೆ ಕರಿ ಕಲ್ಲು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ದಖನ್ ಪ್ರಸ್ಥಭೂಮಿಯ ಕರಿ ಕಲ್ಲಾಯಿತು. ಅದರ ನೆತ್ತಿ ಕಾಲಾಂತರದಲ್ಲಿ ಶಿಥಿಲಗೊಂಡು ಜಂಬಿಟ್ಟಿಗೆಯಾಯಿತು. ಜಂಬಿಟ್ಟಿಗೆಯಲ್ಲಿ ತೂತುಗಳಿರುವುದರಿಂದ ನೀರು ಸಲೀಸಾಗಿ ಇಳಿಯುತ್ತದೆ, ಕೆಳಗಿನ ಜಿಗುಟು ಮಣ್ಣು, ಗಟ್ಟಿ ಕಲ್ಲು ಅದನ್ನು ತಡೆಯುತ್ತವೆ. ದಿನ್ನೆಯ ಇಳಿಜಾರಿನಲ್ಲಿ ಅಲ್ಲಲ್ಲಿ ಸೆಲೆ ಒಡೆಯುವುದು ಇದಕ್ಕೇ. ಬೀದರಿನ ನೌಬಾದಿನಲ್ಲಿ ಬಹಮನಿಗಳ ಕಾಲದ ಕರೇಜ್ ಇದೆಯಲ್ಲ, ನೆಲದಡಿಯ ಆ ಸುರಂಗ ಇದೇ ನೀರನ್ನು ನಂಬಿ ತೋಡಿದ್ದು.

ಆಗ ಒಬ್ಬ ಹುಡುಗಿ ಪುಸ್ತಕ ತೆಗೆದು ತೋರಿಸಿದಳು. ಜಂಬಿಟ್ಟಿಗೆ ಮಣ್ಣು ಹೆಚ್ಚು ಉಷ್ಣ, ಹೆಚ್ಚು ಮಳೆ ಇರುವಲ್ಲಿ ಉಂಟಾಗುತ್ತದೆ. ನಮ್ಮಲ್ಲಿ ಪಶ್ಚಿಮ ಘಟ್ಟದಂಥ ಮಳೆ ಎಲ್ಲಿದೆ, ವರ್ಷಕ್ಕೆ 900 ಮಿ.ಮೀ. ಆಸುಪಾಸು. ಹಾಗಾದರೆ ಇಲ್ಲಿ ಹೇಗೆ ಬಂತು? ಪ್ರಶ್ನೆ ಅಂದರೆ ಇದು. ಈ ಕಲ್ಲು ಈಗಿನ ಹವಾಮಾನದ್ದಲ್ಲ. ಬಹಳ ಹಿಂದೆ, ಇಲ್ಲಿ ಹೆಚ್ಚು ತೇವವಿದ್ದ ಕಾಲದ್ದು. ಹುಮನಾಬಾದಿನ ಕೆಂಪು ನೆಲ ಹಳೆಯ ಮಳೆಯ ದಾಖಲೆ. ಇಷ್ಟು ವರ್ಷ ಆ ಸಾಲನ್ನು ಓದಿಸಿದ್ದೇನೆ, ನಮ್ಮದೇ ಊರು ಅದಕ್ಕೆ ಒಪ್ಪುವುದಿಲ್ಲ ಅಂತ ಯಾರೂ ತಕರಾರು ತೆಗೆದಿರಲಿಲ್ಲ.

ಮಳೆ ಅಳೆಯುವ ಬಾಟಲಿಯದು ಎಲ್ಲ ಶಾಲೆಗಳಲ್ಲೂ ಇರುವುದೇ, ವಿಸ್ತರಿಸುವುದಿಲ್ಲ. ಒಂದು ಸೇರಿಸಬಹುದು: ಮಕ್ಕಳ ಲೆಕ್ಕವನ್ನು ವರುಣಮಿತ್ರ ಸಹಾಯವಾಣಿಗೆ ಫೋನು ಮಾಡಿ ತಾಳೆ ನೋಡಬಹುದು. ಅದನ್ನು ನಡೆಸುವ ರಾಜ್ಯದ ಪ್ರಕೃತಿ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳಲ್ಲೇ ಮಳೆಮಾಪಕ ಇಟ್ಟಿದೆ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಸ್ಥಳಾಕೃತಿ ನಕ್ಷೆಗಳೂ 2017ರಿಂದ ಪುಕ್ಕಟೆ ಸಿಗುತ್ತವೆ; ಆದರೆ ಇಡೀ ಹಾಳೆ ಗುಂಪಿಗೆ ಹಾಕಬಾರದು, ಮನೆಯವರ ದಿನದ ಡೇಟಾ ಅದರಲ್ಲೇ ತೀರುತ್ತದೆ. ಮಕ್ಕಳ ಊರಿರುವ ಮೂಲೆಯನ್ನಷ್ಟೇ ಕತ್ತರಿಸಿ ಕಳಿಸುತ್ತೇನೆ.

ಸೂರ್ಯ ನೆತ್ತಿಯ ಮೇಲೆ ಬಂದು ನೆರಳು ಕಾಲಡಿ ಮಾಯವಾಗುವುದು ನಮ್ಮಲ್ಲಿ ವರ್ಷಕ್ಕೆ ಎರಡು ಸಲ, ಮೇ 11ರ ಸುಮಾರಿಗೆ ಮತ್ತು ಆಗಸ್ಟ್ 1ರ ಸುಮಾರಿಗೆ. ಮೇ ತಿಂಗಳಲ್ಲಿ ಬಿಸಿಲಿದೆ, ಶಾಲೆ ಇಲ್ಲ. ಆಗಸ್ಟಿನಲ್ಲಿ ಶಾಲೆ ಇದೆ, ಬಿಸಿಲಿಲ್ಲ. ಅದಕ್ಕೇ ಇದು ರಜೆಯ ಹೋಂವರ್ಕು: ಸ್ಟೀಲ್ ಲೋಟ ಅಂಗಳದಲ್ಲಿ ಬೋರಲು ಹಾಕಿ, ನೆರಳು ಎಷ್ಟು ಗಂಟೆಗೆ ಹೋಯಿತು ಬರೆಯಿರಿ. ಹನ್ನೆರಡಕ್ಕಲ್ಲ, 12:18ರ ಹೊತ್ತಿಗೆ. ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವಿರುವುದು 77ರ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ 22 ನಿಮಿಷ ಹಿಂದೆ. ಉಳಿದ ನಾಲ್ಕು ನಿಮಿಷದ ವ್ಯತ್ಯಾಸ ಭೂಮಿಯ ಓಲುವಿಕೆ ಮತ್ತು ಅಂಡಾಕಾರದ ಕಕ್ಷೆಯದು. 77ನೇ ರೇಖಾಂಶ ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ ಹಾದುಹೋಗುತ್ತದೆ. ಬಸ್ಸಿನಲ್ಲಿ ಹೋಗುವಾಗ ಅದನ್ನು ದಾಟಿದ್ದೇವೆ ಎಂದರೆ ಮಕ್ಕಳು ಕಿಟಕಿಯಿಂದ ಹುಡುಕುತ್ತಾರೆ.

ಬಸವಕಲ್ಯಾಣದ ಅನೇಕ ಮನೆಗಳು ಲಾರಿಯ ಮೇಲೆ ನಡೆಯುತ್ತವೆ. ಪಶ್ಚಿಮ ಘಟ್ಟದ ಪಾಠಕ್ಕೆ, ಸಸ್ತಾಪುರ ಬಂಗ್ಲಾದಿಂದ ಮುಂಬೈ ತನಕ ರಸ್ತೆ ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಅಪ್ಪನನ್ನು ಕೇಳಲು ಹೇಳಿದೆ. ಒಬ್ಬರು ತಾವೇ ಧ್ವನಿ ಕಳಿಸಿದರು: “ಲೋನಾವಳಾ ತನಕ ಏನೂ ತ್ರಾಸಿಲ್ರಿ ಸರ್. ಖಂಡಾಲಾ ಘಾಟಿನ್ಯಾಗ ಬ್ರೇಕ್ ಬಿಸಿ ಆಗ್ತದ, ಸಣ್ಣ ಗೇರಿನ್ಯಾಗೇ ಇಳಿಬೇಕ್ರಿ.” ಪ್ರಸ್ಥಭೂಮಿಯ ಪಶ್ಚಿಮದ ಅಂಚು ಕಡಿದಾಗಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನ್ನಲ್ಲಿಲ್ಲ. ಕ್ಲಾಸಿನಲ್ಲಿ ಅದನ್ನೇ ಕೇಳಿಸುತ್ತೇನೆ, ಅವರ ಒಪ್ಪಿಗೆ ಪಡೆದು.

ಪಾಲಕರ ಸಭೆಯಲ್ಲಿ ಬರುವ ಪ್ರಶ್ನೆ ಒಂದೇ: “ಇದು ಎಸ್ಸೆಸ್ಸೆಲ್ಸಿಗೆ ಬರ್ತದೇನ್ರಿ?” ಮುಲ್ಲಾಮಾರಿ ಬರುವುದಿಲ್ಲ. ಬಾವಿಯೂ ಬರುವುದಿಲ್ಲ. ನಕ್ಷೆಯಲ್ಲಿ ಗೋದಾವರಿ ಬರಬಹುದು. ಹಾಗಾಗಿ ಜನವರಿಯಿಂದ ಹತ್ತನೆಯವರ ಗುಂಪಿಗೆ ಹಳೆಯ ಪ್ರಶ್ನೆಪತ್ರಿಕೆ, ಭಾರತದ ನಕ್ಷೆ, ಇಷ್ಟೇ ಹೋಗುತ್ತದೆ. ಅಂಕಗಳನ್ನು ಹಗುರವಾಗಿ ಕಾಣುವಷ್ಟು ಅನುಕೂಲ ಈ ಮನೆಗಳಿಗಿಲ್ಲ. ಒಂಬತ್ತನೆಯವರಿಗೆ ಮಾತ್ರ ಆಗಲೂ ಬಿಡುವುದಿಲ್ಲ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗವನ್ನು ಹಳೆಯ ಅಟ್ಲಾಸಿನಲ್ಲಿ ಹುಮನಾಬಾದ್ ಮೇಲೆ ಹಾಯಿಸಿ ಬರೆಯುವುದು ಅವರ ಈಗಿನ ಕೆಲಸ. ಮರಗುತ್ತಿಯಲ್ಲಿ ಸುರಂಗ ಯಾಕೆ ಬೇಕಾಯಿತು ಎಂಬುದನ್ನೂ ಬರೆಯಬೇಕು. ಸೋಮವಾರ ಕೊನೆಯ ದಿನ.